ಅರ್ಧ ಉಸಿರು ತಡವಾಗಿ

ನಾನು ಹಾಡಿದರೆ ಸತ್ತವರು ಎದ್ದು ಕೂರುತ್ತಾರೆ. ಇದು ನನ್ನ ಮಾತಲ್ಲ, ಕೊರಿಯಾದ ಮೊಕ್ಪೊದಿಂದ ದಕ್ಷಿಣಕ್ಕಿರುವ ನಮ್ಮ ಬಂದರಿನ ಜನರ ಮಾತು. ಅವರಿಗೆ ಅದನ್ನು ಹೇಳಿಕೊಟ್ಟವನು ನಾನು, ಅಷ್ಟೆ.

ನನ್ನ ಹೆಸರು ತದ್ದೇಯೊ. ನಮ್ಮ ಗುಡ್ಡದ ಮೇಲಿನ ಚರ್ಚಿನವರು ಯಾರಾದರೂ ತೀರಿಕೊಂಡರೆ ಅವರ ಪಟದ ಮುಂದೆ ಕೂತು ಯೊಂದೊ ಎಂಬ ಸಾವಿನ ಪ್ರಾರ್ಥನೆ ಹಾಡುವ ಬಳಗಕ್ಕೆ ನಾನೇ ಯಜಮಾನ. ಗಂಡಸರು ಕೀರ್ತನೆಯ ಒಂದು ಸಾಲು ಎತ್ತಿದರೆ ಹೆಂಗಸರು ಮುಂದಿನ ಸಾಲು ಹಿಡಿಯಬೇಕು. ದೋಣಿಯ ಎರಡು ಹುಟ್ಟುಗಳ ಹಾಗೆ ಆ ಕಡೆ ಈ ಕಡೆ ಹಾಡು ಬಿದ್ದು ಸತ್ತವರನ್ನು ಆಚೆ ದಡಕ್ಕೆ ಮುಟ್ಟಿಸುತ್ತದೆ. ನನ್ನ ದನಿಗೆ ಒಮ್ಮೆ ಕಿಟಕಿಯ ಗಾಜು ಬಿರುಕುಬಿಟ್ಟಿತ್ತು. ಅದು ಮೊದಲೇ ಬಿರುಕಾಗಿತ್ತು ಅನ್ನುವವರು ಹೊಟ್ಟೆಕಿಚ್ಚಿನವರು.

ಬಳಗದ ಹೆಂಗಸರಲ್ಲಿ ಬಿಬಿಯಾನಾ ಎಂಬವಳಿದ್ದಾಳೆ. ಮೂಗಿನ ಕೆಳಗೆ ಅವರೆಕಾಳಿನಷ್ಟು ದೊಡ್ಡ ಮಚ್ಚೆ. ಉಳಿದವರೆಲ್ಲ ಸಾಲು ಮುಗಿಸಿ ಬಾಯಿ ಮುಚ್ಚಿದ ಮೇಲೆ ಅರ್ಧ ಉಸಿರು ತಡವಾಗಿ ಇವಳ ದನಿ ಬಾಲದಂತೆ ಹಿಂದಿನಿಂದ ಬರುತ್ತದೆ. ಇಡೀ ಚರ್ಚು ‘ಆಮೆನ್’ ಎಂದು ಸುಮ್ಮನಾದ ಮೇಲೆ ಮೂರನೆಯ ಬೆಂಚಿನಿಂದ ‘ಮೆನ್’. ಹೊಸದಾಗಿ ಬಂದ ಗುರುಗಳೆಲ್ಲ ಮೊದಲ ಭಾನುವಾರ ಬೆಚ್ಚಿಬಿದ್ದು ತಲೆಯೆತ್ತುತ್ತಾರೆ.

ಅದೇ ಮೂರನೆಯ ಬೆಂಚಿನಲ್ಲಿ, ಅವಳ ಪಕ್ಕದಲ್ಲೇ, ಸೀಗಡಿಗೆ ಉಪ್ಪು ಹಾಕಿ ಮಾರುವ ಲುಚಿಯಾ. ಇಬ್ಬರೂ ಎಪ್ಪತ್ತು ದಾಟಿದವರು, ಇಬ್ಬರ ತಲೆಯ ಮೇಲೂ ಬಿಳಿ ಮುಸುಕು, ಇಬ್ಬರಿಗೂ ಮಾತಿಲ್ಲ. ಮಾತು ಬಿಟ್ಟರು, ಬೆಂಚು ಬಿಡಲಿಲ್ಲ. ಬಿಟ್ಟವಳು ಸೋತಂತೆ. ಪೂಜೆಯ ನಡುವೆ ಗುರುಗಳು “ಒಬ್ಬರಿಗೊಬ್ಬರು ಶಾಂತಿ ಕೋರಿರಿ” ಎಂದಾಗ ಚರ್ಚಿನ ಜನವೆಲ್ಲ ಗಾಳಿಗೆ ಬಾಗಿದ ಪೈರಿನ ಹಾಗೆ ಪಕ್ಕದವರ ಕಡೆ ತಿರುಗಿ ತಲೆ ಬಾಗುತ್ತಾರೆ. ಲುಚಿಯಾ ಎಡಕ್ಕೆ ತಿರುಗುತ್ತಿದ್ದಳು, ಬಿಬಿಯಾನಾ ಬಲಕ್ಕೆ. ಆ ಎರಡು ಬೆನ್ನುಗಳ ನಡುವಿನ ಚಳಿಗೆ ಹಿಂದಿನ ಬೆಂಚಿನಲ್ಲಿ ಕೂರುವ ನನಗೆ ಜುಲೈ ತಿಂಗಳಲ್ಲೂ ನೆಗಡಿ.

ಕಾರಣ ಕಿಮ್ಚಿ, ನಮ್ಮ ಕೋಸಿನ ಉಪ್ಪಿನಕಾಯಿ. ಚಳಿಗಾಲ ಶುರುವಾಗುವ ಮೊದಲು ಬಡವರಿಗೆ ಹಂಚಲೆಂದು ಚರ್ಚಿನ ಅಂಗಳದಲ್ಲಿ ಎಲೆಕೋಸಿನ ಬೆಟ್ಟವನ್ನೇ ರಾಶಿ ಹಾಕಿ ಕಿಮ್ಚಿ ಮಾಡುತ್ತೇವೆ. ಹಿಂದಿನ ರಾತ್ರಿ ಕೋಸನ್ನು ಉಪ್ಪಿನಲ್ಲಿ ನೆನೆಹಾಕುವ ಕೆಲಸ ಈ ಇಬ್ಬರದು. ಜಗಳವಾದ ವರ್ಷದ ಕಿಮ್ಚಿಯನ್ನು ನಾಲಿಗೆಗೆ ಇಟ್ಟವರು ಕಣ್ಣು ಮೇಲೆ ಮಾಡಿದರು. ಒಂದು ಬೆಕ್ಕು ಅದನ್ನು ನೆಕ್ಕಿ, ಓಡಿಹೋಗಿ ಸಮುದ್ರದ ನೀರು ಕುಡಿದು, ಸಿಹಿಯಾಗಿದೆ ಎಂದು ಸಮಾಧಾನಪಟ್ಟುಕೊಂಡಿತು. ನಾನೇ ನೋಡಿದ್ದು. “ನಾನು ಒಂದೇ ಸಲ ಹಾಕಿದ್ದು, ಆಮೇಲೆ ಹಾಕಿದ್ದು ಯಾರು ಅಂತ ಅವಳನ್ನೇ ಕೇಳಿ” ಎಂದಳು ಲುಚಿಯಾ. “ನಾನು ಉಪ್ಪು ಮುಟ್ಟೇ ಇಲ್ಲ” ಎಂದಳು ಬಿಬಿಯಾನಾ, ಎಂದಿನಂತೆ ತಡವಾಗಿ. ಅಷ್ಟರಲ್ಲಿ ಊರೇ ತೀರ್ಪು ಕೊಟ್ಟಾಗಿತ್ತು. ಅಂದಿನಿಂದ ಬಿಬಿಯಾನಾಳಿಗೆ ಕೋಸಿನ ಹತ್ತಿರ ಜಾಗವಿಲ್ಲ. ಗೋಡೆಯಾಚೆ, ಸಮುದ್ರದ ಗಾಳಿಗೆ ಮುಖ ಕೊಟ್ಟು ಒಬ್ಬಳೇ ಬೆಳ್ಳುಳ್ಳಿ ಸುಲಿಯಬೇಕು.

ಹೋದ ನವೆಂಬರಿನ ಒಂದು ಬೆಳಿಗ್ಗೆ ಬಿಬಿಯಾನಾಳ ಓಣಿಯಿಂದ ಆಂಬುಲೆನ್ಸು ಹೊರಟಿತು. ಸ್ಟ್ರೆಚರಿನ ಮೇಲೆ ಅವಳು, ಕಣ್ಣು ಮುಚ್ಚಿತ್ತು, ಸೊಸೆ ಅಳುತ್ತಾ ಹತ್ತಿದಳು. ಹತ್ತಿರದಿಂದ ನೋಡಿದವನು ನಾನೊಬ್ಬನೇ. ಕಂಬಳಿ ಗಲ್ಲದವರೆಗಿತ್ತು. ನಾನು ಕ್ಷೌರದಂಗಡಿಯಲ್ಲಿ ಹೇಳುವಾಗ ಅದು ಹಣೆಯವರೆಗೆ ಹೋಗಿರಬಹುದು. ಕಂಬಳಿಗಳ ಸ್ವಭಾವವೇ ಹಾಗೆ. ಕೇಳೋಣವೆಂದರೆ ಸೊಸೆಯ ಫೋನು ಸ್ವಿಚ್ ಆಫ್ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ಊರಿನ ಅರ್ಧ ಜನ ಅತ್ತಾಗಿತ್ತು, ಇನ್ನರ್ಧ ಜನ ಕಪ್ಪು ಬಟ್ಟೆಗೆ ಇಸ್ತ್ರಿ ಹಾಕುತ್ತಿತ್ತು.

ಲುಚಿಯಾಳಿಗೆ ನಾನೇ ಹೋಗಿ ಹೇಳಿದೆ. ಅವಳು ಅಂಗಡಿಯಲ್ಲಿ ಸೀಗಡಿ ಜರಡಿ ಹಿಡಿಯುತ್ತಿದ್ದಳು. ಜರಡಿ ಹಾಗೇ ನಿಂತಿತು.

“ಸುಳ್ಳು ಹೇಳ್ಬೇಡ ಕಣೋ ತದ್ದೇಯೊ. ಭಾನುವಾರ ಇನ್ನೂ ಬಂದೇ ಇಲ್ವಲ್ಲ.”

“ಸಾಯೋರು ವಾರ ನೋಡ್ಕೊಂಡು ಸಾಯ್ತಾರಾ ಲುಚಿಯಕ್ಕ?”

“ಈ ಭಾನುವಾರ ಅವಳ ಕಡೆ ತಿರುಗೋಣ ಅಂತಿದ್ದೆ ಕಣೋ.”

“ಎಷ್ಟು ಭಾನುವಾರದಿಂದ ಹಾಗೆ ಅಂತಿದ್ದೆ?”

ಅವಳು ಜರಡಿ ಕೆಳಗಿಟ್ಟು, ಒದ್ದೆ ಕೈಯಲ್ಲೇ ಕೊಡೆ ತೆಗೆದುಕೊಂಡು ಬಸ್ ನಿಲ್ದಾಣದ ಕಡೆ ಹೊರಟುಬಿಟ್ಟಳು. ಮಳೆ ಇರಲಿಲ್ಲ.

ಪೇಟೆಯ ಆಸ್ಪತ್ರೆಯ ನೆಲಮಾಳಿಗೆಯಲ್ಲೇ ಹೆಣ ಇಡುವ, ಬಂದವರನ್ನು ಕೂರಿಸಿ ಊಟ ಹಾಕುವ ಕೋಣೆಗಳಿವೆ. ಲುಚಿಯಾಳೂ ಸೇರಿ ನಾವು ನಲವತ್ತು ಜನ ಇಳಿದೆವು. ಗುರುಗಳು ಹದಿನಾಲ್ಕು ಎನ್ನುತ್ತಾರೆ, ಆದರೆ ಅವರು ಬಂದಿರಲೇ ಇಲ್ಲ. ಬಾಗಿಲಲ್ಲಿದ್ದ ಗುಮಾಸ್ತ ಕೇಳಿದ:

“ಯಾವ ಮನೆಯವರು ಅಜ್ಜ?”

“ಬಿಬಿಯಾನಾ ಕಡೆಯವರು.”

“ಆ ಹೆಸರಿನ ಹೆಣ ನಮ್ಮಲ್ಲಿಲ್ಲ. ಸರಿಯಾದ ಹೆಸರು ಹೇಳಿ.”

“ಇದೇ ಸರಿಯಾದ ಹೆಸರು ಕಣಯ್ಯ. ದೇವರ ಹತ್ರ ಇದೇ ಇರೋದು.”

“ದೇವರ ಹತ್ರ ಇರ್ಬಹುದು. ಈ ಬೋರ್ಡಲ್ಲಿ ಇಲ್ವಲ್ಲ.”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮಲ್ಲಿ ದೀಕ್ಷಾಸ್ನಾನವಾದ ದಿನದಿಂದ ಸಂತರ ಹೆಸರೇ ಹೆಸರು. ಅಪ್ಪ ಅಮ್ಮ ಇಟ್ಟದ್ದನ್ನು ಚರ್ಚಿನಲ್ಲಿ ಯಾರೂ ಕೇಳುವುದಿಲ್ಲ. ಮೂವತ್ತು ವರ್ಷ ಜೊತೆಗೆ ಹಾಡಿದ್ದೇವೆ, ಅವಳ ಮನೆಯ ಶಾವಿಗೆ ಉಂಡಿದ್ದೇವೆ. ಆದರೆ ಹೆಸರು? ಮನೆತನವಾದರೂ ಕಿಮ್ಮೋ, ಚೊಯ್ಯೋ, ಯಾರಿಗೂ ಗೊತ್ತಿಲ್ಲ. ಎಲ್ಲರೂ ಲುಚಿಯಾಳತ್ತ ತಿರುಗಿದರು.

“ಪಕ್ಕದಲ್ಲಿ ಕೂರೋಳು ನೀನು. ನಿಂಗಾದ್ರೂ ಗೊತ್ತಿರ್ಬೇಕಲ್ಲ?”

ಲುಚಿಯಾ “ಕೇಳ್ಳೇ ಇಲ್ಲ” ಎಂದಳು. ಅವಳ ಮುಖ ನೋಡಲಾಗಲಿಲ್ಲ.

ನನ್ನ ತಲೆ ಇರುವುದು ಇಂಥ ಹೊತ್ತಿಗೇ. “ಶಿಲುಬೆ ಇರೋ ಕೋಣೆ ಹುಡುಕಿ!” ಎಂದೆ. ಇದ್ದದ್ದು ಒಂದೇ ಕೋಣೆ. ಬಿಳಿ ಸೇವಂತಿಗೆಯ ನಡುವೆ ಶಿಲುಬೆ, ಶಿಲುಬೆಯ ಕೆಳಗೆ ಗುಲಾಬಿ ಕುಪ್ಪಸ ತೊಟ್ಟ, ಗುಂಗುರು ಕೂದಲಿನ ಅಜ್ಜಿಯ ಪಟ. ಈ ಸಾವಿನ ಪಟಗಳನ್ನು ಸ್ಟುಡಿಯೋದವರು ಮೂಲಂಗಿ ತೊಳೆದಂತೆ ತೊಳೆಯುತ್ತಾರೆ. ಎಲ್ಲ ಅಜ್ಜಿಯರಿಗೂ ಅದೇ ಕುಪ್ಪಸ, ಅದೇ ಗುಂಗುರು, ಸುಕ್ಕಿಲ್ಲದ ಅದೇ ಕೆನ್ನೆ.

“ಮಚ್ಚೆ ಎಲ್ಲಿ?” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

“ಸ್ಟುಡಿಯೋದವರು ತೆಗೆದಿದಾರೆ. ಸ್ವರ್ಗಕ್ಕೆ ಮಚ್ಚೆ ತಗೊಂಡು ಹೋಗ್ತಾರಾ?” ಎಂದೆ. ಒಪ್ಪಿದರು. ನಾನು ಹೇಳಿದ ಮೇಲೆ ಒಪ್ಪದವರು ಯಾರು?

ತೋಳಿಗೆ ಸೂತಕದ ಪಟ್ಟಿ ಕಟ್ಟಿದ್ದ ಮಗ ಒಬ್ಬನೇ ಕೂತಿದ್ದ. ನಮ್ಮನ್ನು ಕಂಡು ದಡಬಡಿಸಿ ಎದ್ದ. “ನಮ್ಮಮ್ಮನಿಗೆ ಇಷ್ಟು ಜನ ಪರಿಚಯ ಇದ್ರಾ?” ಎಂದು ಅತ್ತ. ಬಿಬಿಯಾನಾಳಿಗೆ ಇಂಥ ಮಗ ಇದ್ದದ್ದು ನನಗೆ ನೆನಪಿರಲಿಲ್ಲ. ಆದರೆ ಅಳುವವನನ್ನು ನೀನು ಯಾರಪ್ಪ ಎಂದು ಕೇಳುವುದು ಹೇಗೆ? ಕೂತೆವು, ಕಣ್ಣು ಮುಚ್ಚಿದೆ, ದನಿ ಎತ್ತಿದೆ. ಹೆಂಗಸರ ಸಾಲಿನಲ್ಲಿ ಲುಚಿಯಾಳ ಪಕ್ಕ, ರೂಢಿಯಂತೆ, ಒಬ್ಬರು ಕೂರುವಷ್ಟು ಜಾಗ ಖಾಲಿ ಬಿಟ್ಟಿದ್ದರು.

ಎರಡನೆಯ ಕೀರ್ತನೆಯಲ್ಲಿ ಹೆಂಗಸರ ಸಾಲು ಬರಬೇಕಾದಲ್ಲಿ ಬೇರೆಯೇ ಬಂತು.

“ಏಯ್ ಬಿಬಿಯಾನಾ!”

ಕಣ್ಣು ತೆರೆದೆ. ಲುಚಿಯಾ ಪಟದ ಮುಂದೆ ಮೊಣಕಾಲೂರಿದ್ದಳು. ಕನ್ನಡಕ ಮುಷ್ಟಿಯಲ್ಲಿತ್ತು, ಮುಸುಕು ಕುತ್ತಿಗೆಗೆ ಜಾರಿತ್ತು.

“ಕೇಳಿಸ್ತಾ ಇದೆಯೇನೇ? ಉಪ್ಪು ನಾನೇ ಕಣೇ ಹಾಕಿದ್ದು. ಎರಡು ಸಲಾನೂ ನಾನೇ! ಸಂಜೆ ಹಾಕಿದ್ದು ಮರೆತುಹೋಗಿ ಕತ್ತಲಾದ ಮೇಲೆ ಮತ್ತೆ ಸುರಿದೆ. ಬೆಳಿಗ್ಗೆ ಖಾಲಿ ಚೀಲ ನೋಡಿದಾಗ್ಲೇ ಗೊತ್ತಾಯ್ತು. ಎಲ್ಲಾರೂ ನಿನ್ನ ಮೇಲೆ ಬಿದ್ರು, ನಾನು ಬಾಯಿ ಮುಚ್ಕೊಂಡು ನಿಂತೆ. ನಾಳೆ ಹೇಳೋಣ, ಭಾನುವಾರ ಹೇಳೋಣ ಅಂತ... ನೀನು ಹೀಗೆ ಹೋಗ್ಬಿಡ್ತೀಯ ಅಂತ ನಂಗೇನೇ ಗೊತ್ತಿತ್ತು!”

ನಲವತ್ತು ಜನರ ಉಸಿರು ಒಟ್ಟಿಗೆ ನಿಂತಿತು. ನಾನು ಬಿರುಗಾಳಿ ಕಂಡವನು, ನನ್ನ ದೋಣಿಯ ಕೆಳಗೆ ತಿಮಿಂಗಿಲ ಹಾದುಹೋದದ್ದನ್ನು ಕಂಡವನು. ಅಂಥ ನನಗೇ ಮುಂದಿನ ಸಾಲು ಮರೆತುಹೋಯಿತು. ಆರು ಚಳಿಗಾಲ ಆ ಹೆಂಗಸು ಗೋಡೆಯಾಚೆ ಕೂತಿದ್ದಳು. ಅವಳಿಗೆ ‘ಉಪ್ಪಿನ ಮೂಟೆ’ ಎಂದು ಹೆಸರಿಟ್ಟು ನಾವೆಲ್ಲ ನಕ್ಕಿದ್ದೆವು.

ಹಾಡು ನಿಲ್ಲಿಸುವುದು ಸತ್ತವರಿಗೆ ಅವಮಾನ. ಕೀರ್ತನೆ ಬಿಟ್ಟು ಸಂತರ ಪ್ರಾರ್ಥನೆಗೆ ಹಾರಿದೆ. ಅದನ್ನು ನಿದ್ದೆಯಲ್ಲೂ ಹೇಳಬಹುದು.

“ಸಂತ ಮಿಕಾಯೇಲರೇ.”

“ಅವಳಿಗಾಗಿ ಪ್ರಾರ್ಥಿಸಿರಿ” ಎಂದರು ಎಲ್ಲರೂ.

“...ರ್ಥಿಸಿರಿ.”

ಗೋಡೆಯ ಮಾರ್ದನಿ ಅಂದುಕೊಂಡೆ.

“ಸಂತ ಯೋಸೇಫರೇ.”

“ಅವಳಿಗಾಗಿ ಪ್ರಾರ್ಥಿಸಿರಿ.”

“...ರ್ಥಿಸಿರಿ.”

ಅರ್ಧ ಉಸಿರು ತಡವಾಗಿ. ನನ್ನ ತಲೆಯಲ್ಲಿ ಉಳಿದಿರುವ ಕೂದಲೆಲ್ಲ ನೆಟ್ಟಗೆ ನಿಂತವು. ಯಾರಿಗೂ ತಿರುಗುವ ಧೈರ್ಯವಿಲ್ಲ. ಲುಚಿಯಾಳೊಬ್ಬಳು ತಿರುಗಿದಳು. ಅವಳ ಬಾಯಿಂದ ಹೊರಟದ್ದು ಕೂಗಲ್ಲ, ಗಾಳಿ.

ಬಾಗಿಲಲ್ಲಿ ಬಿಬಿಯಾನಾ ನಿಂತಿದ್ದಳು. ಆಸ್ಪತ್ರೆಯ ಪಟ್ಟೆ ಅಂಗಿ, ಕಾಲಲ್ಲಿ ರಬ್ಬರ್ ಚಪ್ಪಲಿ, ಒಂದು ಕೈಯಲ್ಲಿ ಗ್ಲೂಕೋಸ್ ಬಾಟಲಿ ನೇತುಹಾಕಿದ ಚಕ್ರದ ಕಂಬ, ಇನ್ನೊಂದು ಕೈಯಲ್ಲಿ ಟಿಶ್ಯೂ ಕಾಗದದ ಸುರುಳಿ. ಮೂಗಿನ ಕೆಳಗೆ ಮಚ್ಚೆ. ಹಿಂದಿನ ಸಾಲಿನಲ್ಲಿ ಮೂವರು ಮೂರ್ಛೆ ಹೋದರು. ಆಮೇಲೆ ಅವರು ಕಾಲುಚೀಲ ಸರಿಮಾಡಿಕೊಳ್ಳುತ್ತಿದ್ದೆವು ಎಂದರು.

“ಯಾಕ್ರೋ ನಿಲ್ಸಿದ್ರಿ? ಕೆಳಗಿನ ಅಂಗಡಿಗೆ ಬಂದೆ, ತದ್ದೇಯೊ ಕತ್ತೆಯ ಹಾಗೆ ಕೂಗ್ತಿರೋದು ಕೇಳಿಸ್ತು. ಯಾರು ಹೋಗಿದ್ದು?”

ಅಲ್ಲಿದ್ದವರಲ್ಲಿ ಧೈರ್ಯವಂತ ನಾನೊಬ್ಬನೇ. “ನೀನೇ, ಅಕ್ಕ” ಎಂದೆ.

“ನಾನಾ? ಪಿತ್ತದ ಕಲ್ಲು ಕಣೋ! ಒಂದು ಕಲ್ಲಿಗೆ ನನ್ನ ಹೂಳೋಕೆ ಹೊರಟ್ರಾ?”

ಲುಚಿಯಾಳ ಮುಖ ಅಕ್ಕಿಹಿಟ್ಟಿನಂತಾಗಿತ್ತು. ಅದಕ್ಕೆ ಬಣ್ಣ ಬರುತ್ತಿದ್ದಂತೆ ಬಂದದ್ದು ಸಿಟ್ಟು.

“ಎಷ್ಟು ಹೊತ್ತಿಂದ ನಿಂತಿದೀಯೇ ಅಲ್ಲಿ?”

“ಉಪ್ಪಿನಿಂದ.”

“ಬದುಕಿದೀನಿ ಅಂತ ಒಂದು ಮಾತು ಹೇಳ್ಬಾರ್ದಾಗಿತ್ತಾ!”

“ನಾನು ಬದುಕಿದ್ದಾಗ ನೀನು ಹೇಳಿದ್ಯಾ?”

ಲುಚಿಯಾ ಹೆಂಗಸರ ಸಾಲಿನ ತನ್ನ ಜಾಗಕ್ಕೆ ಹೋಗಿ ಕೂತಳು. ಬಿಬಿಯಾನಾ ತನ್ನ ಬೆರಳುಗಳನ್ನೇ ನೋಡಿಕೊಂಡಳು. “ಬೆಳ್ಳುಳ್ಳಿ ಸುಲಿದು ಸುಲಿದು ಉಗುರಿನ ಸಂದಿ ಇನ್ನೂ ಉರಿಯುತ್ತೆ” ಎಂದಳು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನಮಗೆ ಹಗುರಾಗುತ್ತಿತ್ತು.

ಆಗ ಆ ಮಗ, ಎಲ್ಲರೂ ಮರೆತಿದ್ದ ಮಗ, ಎದ್ದುನಿಂತ. “ತೀರಿಕೊಂಡವರು ಬೇರೆ ಯಾರೋ ಅಂತ ಬಂದ್ರಿ ಅಲ್ವಾ?” ಎಂದ. “ಪರವಾಗಿಲ್ಲ. ಅಮ್ಮ ದ್ವೀಪದವರು, ಇಲ್ಲಿ ಯಾರೂ ಇಲ್ಲ. ಬೆಳಿಗ್ಗೆಯಿಂದ ನೀವೇ ಮೊದಲು ಬಂದಿದ್ದು. ಪೂರ್ತಿ ಮಾಡಿ ಹೋಗ್ತೀರಾ?”

ನನಗೆ, ನನ್ನ ಜೀವನದಲ್ಲಿ ಮೊದಲ ಸಲ, ದನಿ ಹೊರಡಲಿಲ್ಲ.

“ಅವರ ಹೆಸರೇನಪ್ಪ?” ಎಂದು ಕೇಳಿದ್ದು ಬಿಬಿಯಾನಾ. “ದೀಕ್ಷೆಯದ್ದಲ್ಲ. ಮನೇದು.”

“ಓಕ್‌ಸಿಮ್.”

“ಓಕ್‌ಸಿಮಕ್ಕನಿಗೆ ಹಾಡ್ರೋ” ಎಂದು ಕಂಬ ಉರುಳಿಸಿಕೊಂಡು ಬಂದು, ಇದ್ದ ಒಂದೇ ಖಾಲಿ ಜಾಗದಲ್ಲಿ, ಲುಚಿಯಾಳ ಪಕ್ಕದಲ್ಲಿ ಕೂತಳು. ಅವಳತ್ತ ತಿರುಗಲಿಲ್ಲ. ಲುಚಿಯಾಳಿಗೆ ತಿರುಗುವ ಮುಖವಿರಲಿಲ್ಲ. ಹಾಡಿದೆವು. ಎರಡು ಹುಟ್ಟುಗಳು ಒಂದೇ ಲಯದಲ್ಲಿ ಬಿದ್ದವು, ಬಾಲ ಮಾತ್ರ ಹಿಂದಿನಿಂದ ಬಂತು. ಅಷ್ಟು ಚೆನ್ನಾಗಿ ಕೊರಿಯಾದಲ್ಲಿ ಯಾರೂ ಹಾಡಿಲ್ಲ.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ದೇವರಿಗಾಗಿ ಬಂದವರು ಕಡಿಮೆ, ಮೂರನೆಯ ಬೆಂಚಿಗಾಗಿ ಬಂದವರೇ ಹೆಚ್ಚು. ಲುಚಿಯಾ ಮೊದಲೇ ಬಂದು ಕೂತಿದ್ದಳು. ಪಕ್ಕದ ಜಾಗ ಪ್ರವಚನದವರೆಗೂ ಖಾಲಿ. ಅವಳು ಬಾಗಿಲು ಕಿರುಗುಟ್ಟಿದಾಗೆಲ್ಲ ಬೆಚ್ಚುತ್ತಿದ್ದಳು, ತಿರುಗಿ ನೋಡುತ್ತಿರಲಿಲ್ಲ. ಕೊನೆಗೆ ಬಿಬಿಯಾನಾ ಬಂದಳು, ಮುಸುಕು ಸರಿಮಾಡಿಕೊಂಡು ಕೂತಳು. ಮಣಿಕಟ್ಟಿನಲ್ಲಿ ಆಸ್ಪತ್ರೆಯ ಪಟ್ಟಿ ಹಾಗೇ ಇತ್ತು.

“ಒಬ್ಬರಿಗೊಬ್ಬರು ಶಾಂತಿ ಕೋರಿರಿ.”

ಯಾರೂ ಬಾಗಲಿಲ್ಲ. ಎಲ್ಲರೂ ಕತ್ತು ಉದ್ದ ಮಾಡಿದರು. ಲುಚಿಯಾ ಬಲಕ್ಕೆ ತಿರುಗಿ ಸೊಂಟ ಮುರಿಯುವಷ್ಟು ಬಾಗಿದಳು. ಅವಳೆದುರು ಇದ್ದದ್ದು ಬಿಬಿಯಾನಾಳ ಬೆನ್ನು. ಬಾಗಿದವಳು ಬಾಗಿಯೇ ಇದ್ದಳು. ಇಷ್ಟೇ ಎಂದುಕೊಂಡು ಅವಳು ತಲೆಯೆತ್ತಿದಳು, ಅಷ್ಟರಲ್ಲಿ ಬಿಬಿಯಾನಾ ತಿರುಗಿ ಬಾಗಿದಳು.

ಅರ್ಧ ಉಸಿರು ತಡವಾಗಿ.

ಎರಡು ತಲೆಗಳು ಢಿಕ್ಕಿ ಹೊಡೆದ ಸದ್ದಿಗೆ ಬಂದರಿನ ಹಕ್ಕಿಗಳೆಲ್ಲ ಎದ್ದು ಹಾರಿದವು. ಇಬ್ಬರೂ ಹಣೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು. ಲುಚಿಯಾಳ ಕಣ್ಣೆದುರಿಗೇ ಆ ಮಣಿಕಟ್ಟಿನ ಪಟ್ಟಿ.

“ಮಾಲ್‌ಸುನ್?” ಎಂದು ಓದಿದಳು. ಹೆಣ್ಣು ಹುಟ್ಟಿದ್ದು ಸಾಕು ಎಂದು ಕಡೆಯವಳಿಗೆ ಇಡುವ ಹೆಸರು.

“ಜೋರಾಗಿ ಹೇಳ್ಬೇಡ್ವೇ, ತದ್ದೇಯೊ ಹಿಂದೆ ಕೂತಿದಾನೆ.”

ಲುಚಿಯಾ ಅವಳ ಕಿವಿಯಲ್ಲಿ ತನ್ನ ಹೆಸರೇನೋ ಹೇಳಿದಳು. ಮೈಲಿ ದೂರದ ಮೀನಿನ ಸದ್ದು ಕೇಳುವ ನನ್ನ ಕಿವಿಗೂ ಅದು ಬೀಳಲಿಲ್ಲ. ಬಿದ್ದದ್ದು ಆಮೇಲೆ ಬಿಬಿಯಾನಾ ಹೇಳಿದ್ದು:

“ಬರೋ ಶನಿವಾರ ಕಿಮ್ಚಿಗೆ ಉಪ್ಪು ನಾನು ಹಾಕೋದು.”

“ಹಾಕು.”

“ಬೆಳ್ಳುಳ್ಳಿ ನೀನು ಸುಲೀಬೇಕು.”

“ಸುಲೀತೀನಿ.”

“ಗೋಡೆಯಾಚೆ ಕೂತು.”

“ಆಚೆಯೇ ಕಣೇ. ಆರು ವರ್ಷ.”

ಬಿಬಿಯಾನಾ ಹಣೆ ಉಜ್ಜಿಕೊಂಡಳು. ಆಮೇಲೆ, ಎಂದಿನಂತೆ ತಡವಾಗಿ, “ಅಲ್ಲಿ ಗಾಳಿ ಜಾಸ್ತಿ, ಮಫ್ಲರ್ ತಗೊಂಡು ಬಾ” ಎಂದಳು.