ಇಡ್ಲಿ ಬಿಯರ್

ನನಗೆ ಜಂಬ ಎನ್ನುತ್ತಾರೆ. ಇದೆ, ಇಲ್ಲ ಎನ್ನುವುದಿಲ್ಲ. ಅದು ಎಲ್ಲಿಂದ ಬಂತು ಎಂದು ಹೇಳುತ್ತೇನೆ.

ಪರದೇಶದ ಊರು ಇಸ್ಸಾಕ್ವಾದ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ನನ್ನ ಗಂಡ ಸುಹಾಸ್ ಬಿಯರ್ ಹುದುಗಿಸುವ ಸ್ಟೀಲ್ ತೊಟ್ಟಿ ನಿಂತಿದೆ. ಅದಕ್ಕೊಂದು ತಂಪು ಮಾಡುವ ಯಂತ್ರ, ಬೆಚ್ಚಗಿಡಲು ಒಂದು ಪಟ್ಟಿ, ಎಲ್ಲಿಂದಲಾದರೂ ನೋಡಲು ಫೋನಿನಲ್ಲೊಂದು ಆ್ಯಪ್. ಫ್ರೀಮಾಂಟಿನ ಆಫೀಸಿನಲ್ಲಿ ಮೀಟಿಂಗ್ ನಡುವೆಯೂ ಅವನು ತೊಟ್ಟಿಯ ಉಷ್ಣತೆ ನೋಡುತ್ತಾನೆ. ನನಗೆ ಜ್ವರ ಬಂದಾಗ ಅವನಿಗೆ ಥರ್ಮಾಮೀಟರ್ ಹುಡುಕಲು ಅರ್ಧ ದಿನ ಬೇಕಾಯಿತು.

ಈ ಚಳಿಗಾಲ ನಾನೂ ಬಿಯರ್ ಮಾಡುತ್ತೇನೆ ಎಂದೆ. ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ, ಕಷಾಯವನ್ನು ಒಟ್ಟಿಗೇ ಕುದಿಸಿದೆವು. ಹೆಚ್ಚಿನದು ಅವನ ತೊಟ್ಟಿಗೆ, ಒಂದು ಗಾಜಿನ ಜಾಡಿಯಷ್ಟು ನನಗೆ. ಯಾವ ಯೀಸ್ಟ್ ಹಾಕುವುದು, ಎಲ್ಲಿಡುವುದು ಅವರವರ ಇಷ್ಟ. ಇಲ್ಲಿನ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಲು ನಾವೆಲ್ಲ ಮಾಡುವುದು ಒಂದೇ: ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಹಾಕಿ, ಪಾತ್ರೆಯಿಟ್ಟು ಬಾಗಿಲು ಮುಚ್ಚುವುದು. ನನ್ನ ಜಾಡಿಯೂ ಅಲ್ಲಿಗೇ ಹೋಯಿತು.

ಸುಹಾಸ್ ತಲೆ ಚಚ್ಚಿಕೊಂಡ. ಅಷ್ಟು ಶಾಖಕ್ಕೆ ಬಿಯರ್ ಕೆಡುತ್ತದೆ ಎಂದ. ಅವನ ಯೀಸ್ಟಿನ ಮಟ್ಟಿಗೆ ಅದು ನಿಜ. ನಾನು ಓದಿ, ಹುಡುಕಿ ತರಿಸಿದ್ದು ನಾರ್ವೆಯ ಹಳ್ಳಿಗಳ ಯೀಸ್ಟ್. ಅದಕ್ಕೆ ಬಿಸಿಯೇ ಇಷ್ಟ. ಹೇಳಿದೆ, ಕೇಳಿಸಿಕೊಳ್ಳಲಿಲ್ಲ. ಹತ್ತಿರದ ಊರು ಡುವಾಲ್‌ನ ದ್ವಾರಕಾನಾಥರ ಮನೆಯಲ್ಲಿ ಸೇರುವ ನಮ್ಮ ಬಿಯರ್ ಬಳಗಕ್ಕೆಲ್ಲ ‘ಯಾಮಿನಿಯ ಇಡ್ಲಿ ಬಿಯರ್’ ಎಂದು ಮೆಸೇಜ್ ಹಾಕಿದ. ಉತ್ತರವಾಗಿ ನಗುವ ಮುಖಗಳ ಸಾಲೇ ಬಂತು. ನನಗೆ ಮೈಯೆಲ್ಲ ಉರಿಯಿತು. ಬಿಯರ್ ಕೆಟ್ಟರೆ ಆ ಹೆಸರು ಜನ್ಮಕ್ಕಂಟುತ್ತದೆ ಎಂಬ ಭಯವೂ ಆಯಿತು.

ಓವನ್ ಗುಂಡಿಯ ಮೇಲೆ ‘ಮುಟ್ಟಿದರೆ ಕೈ ಮುರೀತೀನಿ’ ಎಂದು ಚೀಟಿ ಅಂಟಿಸಿದೆ. ಮಾರನೆಯ ದಿನವೇ ಜಾಡಿಯ ಮುಚ್ಚಳದ ಗಾಳಿ ನಳಿಕೆಯಲ್ಲಿ ಗುಳುಗುಳು ಶುರುವಾಯಿತು, ಹುದುಗು ಹತ್ತಿತ್ತು.

ಎರಡೂ ಬಿಯರ್ ಸಿದ್ಧವಾಗಿ ಬಳಗ ಸೇರಿದ ದಿನ ದ್ವಾರಕಾನಾಥರ ಹೆಂಡತಿ ಜಾನಕಿ ನಮ್ಮಿಬ್ಬರ ಬಿಯರನ್ನೂ ಒಳಗೇ ಸ್ಟೀಲ್ ಲೋಟಗಳಿಗೆ ಸುರಿದು ತಂದರು. ಯಾವುದು ಯಾರದ್ದೆಂಬ ಗುರುತು ಲೋಟದ ತಳದಲ್ಲಿ ಮಾತ್ರ: ಸುಹಾಸನದಕ್ಕೆ ‘ಸು’, ನನ್ನದಕ್ಕೆ ಇಡ್ಲಿಯ ‘ಇ’. ಸುಹಾಸ್ ಎರಡನ್ನೂ ಕುಡಿದು, ಮತ್ತೆ ಮೊದಲಿನದಕ್ಕೇ ಬಂದ. ಕಿತ್ತಳೆ ಸಿಪ್ಪೆಯ ಘಮ ಇದೆ ಎಂದ. ತಂಪಿನಲ್ಲಿ ಹುದುಗಿಸಿದರೆ ಮಾತ್ರ ಹೀಗೆ ಬರುವುದು ಎಂದು ಎಲ್ಲರಿಗೂ ಪಾಠ ಮಾಡಿದ.

“ಇದು ನಂದೇ. ಕಣ್ಣು ಕಟ್ಟಿ ಕೊಟ್ರೂ ಹೇಳ್ತೀನಿ.”

“ಲೋಟ ಎತ್ತಿ ತಳ ನೋಡು,” ಎಂದೆ.

‘ಇ’ ಇತ್ತು. ಬಳಗ ಗೊಳ್ಳೆಂದಿತು. ಅವನ ಕಿವಿ ಕೆಂಪಾಯಿತು. ಆದರೂ ಲೋಟ ಕೆಳಗಿಡಲಿಲ್ಲ. ಪೂರ್ತಿ ಕುಡಿದು, ಎಲ್ಲರ ಎದುರೇ ಹೇಳಿದ:

“ನಂದಕ್ಕಿಂತ ಚೆನ್ನಾಗಿದೆ. ನನ್ ಹೆಂಡ್ತಿ ಮಾಡಿದ್ದು.”

ಆ ಮಾತಿಗೆ ನಾನು ಉಬ್ಬಿದಷ್ಟು ಯಾವ ಇಡ್ಲಿ ಹಿಟ್ಟೂ ಉಬ್ಬಿರಲಾರದು.

ಈಗ ಓವನ್ನಿನಲ್ಲಿ ಎರಡು ಜಾಡಿಗಳಿವೆ, ಒಂದು ನನ್ನದು, ಒಂದು ಅವನದು. ಹಿಟ್ಟಿಗೆ ಅಲ್ಲಿ ಜಾಗವಿಲ್ಲ. ಅದು ಪಾತ್ರೆ ಸಮೇತ ಗ್ಯಾರೇಜಿನ ಸ್ಟೀಲ್ ತೊಟ್ಟಿಯೊಳಗೆ ಬೆಚ್ಚಗೆ ಕೂತಿದೆ. ಇವತ್ತು ಮಧ್ಯಾಹ್ನ ಆಫೀಸಿನಿಂದ ಸುಹಾಸನ ಮೆಸೇಜ್ ಬಂತು: “ಮೀಟಿಂಗಲ್ಲಿದೀನಿ. ಹಿಟ್ಟು ಮೂವತ್ತು ಡಿಗ್ರಿ ಇದೆ. ಉಬ್ಬಿರುತ್ತೆ, ನೋಡು.”