ಯಾವ ಕೋಡು ಮೇಲೆ?

ನಮ್ಮೂರ ತಿಂಗಳಮ್ಮ ವರ್ಷಕ್ಕೊಮ್ಮೆ ತವರಿಗೆ ಹೋಗುತ್ತಾಳೆ. ಹೋಗುವಾಗ ಯಾರನ್ನೂ ಕೇಳುವುದಿಲ್ಲ. ನಾನು ತಿಪ್ಪಸಂದ್ರದ ನನ್ನ ತವರಿಗೆ ಹೋಗಬೇಕಾದರೆ ಅತ್ತೆಯನ್ನು ಕೇಳಬೇಕು, ಗಂಡನನ್ನು ಕೇಳಬೇಕು, ಹಸುವಿನ ಹಾಲು ಕರೆಯಲು ಒಬ್ಬರನ್ನು ಗೊತ್ತು ಮಾಡಬೇಕು. ಹುಟ್ಟಿದರೆ ದೇವಿಯಾಗಿ ಹುಟ್ಟಬೇಕಪ್ಪ ಎಂದು ಬಹಳ ಸಲ ಅಂದುಕೊಂಡಿದ್ದೇನೆ.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತದೆ. ಹೊಂಗೆ ಬೋಳಾಗಿ ನಿಲ್ಲುತ್ತದೆ. ಚಂದ್ರ ದಿನದಿನಕ್ಕೆ ಸವೆದು ಯುಗಾದಿಗೆ ಮುಂಚಿನ ಅಮಾವಾಸ್ಯೆಯಂದು ಪೂರ್ತಿ ಇಲ್ಲವಾಗುತ್ತಾನೆ. ಅವತ್ತು ಗುಡಿಯ ಬಾಗಿಲು ಮುಚ್ಚುತ್ತೇವೆ. ಅವಳು ಬರುವ ತನಕ ಗುಡಿಯಲ್ಲಿ ದೀಪವಿಲ್ಲ, ಬೀಗದ ಕೈ ಇಟ್ಟುಕೊಂಡ ನಮ್ಮ ಮನೆಯಲ್ಲಿ ಒಗ್ಗರಣೆಯಿಲ್ಲ. ಇಲ್ಲಿ ಸಾಸಿವೆ ಸಿಡಿದ ವಾಸನೆ ಮೂಗಿಗೆ ಬಡಿದರೆ ತವರಲ್ಲಿ ಅವಳಿಗೆ ಊಟ ಸೇರುವುದಿಲ್ಲವಂತೆ. ಯುಗಾದಿಯ ಒಬ್ಬಟ್ಟಿನ ಸಾರನ್ನೂ ನಾವು ಬೋಳಾಗಿಯೇ ಉಣ್ಣುತ್ತೇವೆ.

ಹಬ್ಬದ ಮಾರನೇ ದಿನ ಹೊಸತೊಡಕು. ಅವತ್ತು ಸಂಜೆ ಪಡುವಣದಲ್ಲಿ ಎಳೆ ಚಂದ್ರ ಕಂಡರೆ ತಿಂಗಳಮ್ಮ ಮರಳಿದಳು ಅಂತ ಅರ್ಥ. ಆದರೆ ಯಾರೆಂದರೆ ಅವರು ನೋಡುವಂತಿಲ್ಲ. ನಮ್ಮ ಮನೆಯ ಹಿರಿಯ ಹೆಂಗಸು, ಅವಳ ಜೊತೆಗೆ ಸೊಸೆ, ಇಬ್ಬರೇ ಕಣದಲ್ಲಿ ಪಡುವಣಕ್ಕೆ ಮುಖ ಮಾಡಿ ನಿಲ್ಲಬೇಕು. ಉಳಿದ ಊರೆಲ್ಲ ಚಂದ್ರನಿಗೆ ಬೆನ್ನು ಹಾಕಿ ಗುಡಿಯ ಕಡೆ ತಿರುಗಿರಬೇಕು. ಹಿರಿಯಳು ‘ಬಂದ್ಲು’ ಎಂದು ಕೂಗಿದ ಮೇಲೆ ದೀಪ, ದೀಪದ ಮೇಲೆ ಊರಿನ ಒಲೆಗಳಿಗೆ ಮಾಂಸದ ಪಾತ್ರೆ.

ಕೂಗುವವರು ನನ್ನ ಅತ್ತೆ ನಾಗಲಕ್ಷ್ಮಮ್ಮ. ನಾನು ಮದುವೆಯಾಗಿ ಬರುವುದಕ್ಕೂ ಮುಂಚಿನಿಂದ ಕೂಗುತ್ತಿದ್ದಾರೆ. ನಿಂತಾಗ ನನ್ನ ಕೈ ಹಿಡಿದುಕೊಳ್ಳುತ್ತಾರೆ, ಕಣದ ಕಲ್ಲು ಎಡವೀತು ಅಂತ. ನನ್ನ ಪಾಲಿಗೆ ಅದು ವರ್ಷಕ್ಕೊಮ್ಮೆ ಸುಮ್ಮನೆ ಕಂಬದ ಹಾಗೆ ನಿಲ್ಲುವ ಕೆಲಸವಾಗಿತ್ತು.

ನಾನೀಗ ಹೇಳುವ ವರ್ಷದ ಹೊತ್ತಿಗೆ ಪಡುವಣದ ಗೋಮಾಳದಲ್ಲಿ ಫ್ಯಾಕ್ಟರಿ ಎದ್ದಿತ್ತು. ಊರಿನ ಅರ್ಧ ಗಂಡಸರು ಅಲ್ಲಿಗೇ ಹೋಗುತ್ತಿದ್ದರು, ನನ್ನ ಗಂಡ ಅಶ್ವಥ್ ಕೂಡ. ಅವರನ್ನೆಲ್ಲ ಕೆಲಸಕ್ಕೆ ಸೇರಿಸಿದ್ದು ನನ್ನ ಮೈದುನ ಲೋಕೇಶ, ಗಂಡನ ಚಿಕ್ಕಪ್ಪನ ಮಗ. ಅದರ ಹಿಂದಿನ ವರ್ಷ ಮೋಡದಿಂದ ಚಂದ್ರ ತಡವಾಗಿ, ರಾತ್ರಿ ಪಾಳಿಯವರು ಖಾಲಿ ಹೊಟ್ಟೆಯಲ್ಲೇ ಬಸ್ಸು ಹತ್ತಿದ್ದರು. ಆ ಸಿಟ್ಟು ಅವನಿಗೆ ಇಳಿದಿರಲಿಲ್ಲ.

“ದೊಡ್ಡವ್ವ, ಚಂದ್ರದರ್ಶನ ಯಾವತ್ತು ಅಂತ ಕ್ಯಾಲೆಂಡರ್‌ನಾಗೆ ಅಚ್ಚಾಕವ್ರೆ. ನೀನು ನೋಡೋಗಂಟ ನಾವು ಮಟನ್ ಮುಂದೆ ಕುಂತ್ಕಂಡು ಭಜನೆ ಮಾಡಾನಾ? ಈ ಸಲ ತಡ ಆದ್ರೆ ಬೀಗದ ಕೈ ಗುಡಿ ಕಮಿಟಿಗೆ ಕೊಟ್ಬುಡು. ಮಾಗಡಿಯಿಂದ ಒಬ್ಬ ಪೂಜಾರಿ ಮಡಿಕತ್ತೀವಿ,” ಎಂದು ಜಗುಲಿಯ ಮೇಲೆ ಕೂತು ಹೇಳಿಯೇಬಿಟ್ಟ.

ಅತ್ತೆ ಸೊಂಟದಲ್ಲಿದ್ದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಮನೆ ಮಗನದು, ಹೊಲ ಮಗನದು, ಒಲೆ ನನ್ನದು. ಆ ಕಬ್ಬಿಣದ ತುಂಡೊಂದೇ ಅವರದು. ಅದೂ ಹೋದರೆ ಮೂಲೆಯಲ್ಲಿ ಕೂರುವ ಮುದುಕಿ ಆಗುತ್ತಾರೆ. ಅತ್ತೆಯ ಜೊತೆ ನನಗೆ ದಿನಕ್ಕೊಂದು ಜಗಳ ಇದ್ದದ್ದು ನಿಜ, ಆದರೂ ಅವನಿಗೆಂದು ತಂದ ಕಾಫಿಯನ್ನು ಒಳಕ್ಕೆ ವಾಪಸು ಒಯ್ದೆ.

ಹೊಸತೊಡಕಿನ ಸಂಜೆ ಕಣಕ್ಕೆ ಹೋದೆವು. ಪಡುವಣದ ಬೆಟ್ಟದಲ್ಲಿ ಕಲ್ಲು ಪುಡಿ ಮಾಡುವ ಕ್ರಷರ್ ಹಬ್ಬಕ್ಕೂ ನಿಂತಿರಲಿಲ್ಲ, ಮುಗಿಲೆಲ್ಲ ಧೂಳು. ಸೂರ್ಯ ಆ ಧೂಳಿನಲ್ಲೇ ಮುಳುಗಿದ. ಊರೆಲ್ಲ ಬೆನ್ನು ಹಾಕಿ ನಿಂತಿತ್ತು, ಲೋಕೇಶ ಗಳಿಗೆಗೊಮ್ಮೆ ವಾಚು ನೋಡಿಕೊಳ್ಳುತ್ತಿದ್ದ. ಅತ್ತೆ ಎಂದಿನಂತೆ ನನ್ನ ಕೈ ಹಿಡಿದಿದ್ದರು. ಕಾಣಿಸೇ ತಾಯಿ, ಬೇಗ ಕಾಣಿಸೇ ಎಂದು ನಾನು ಮನಸ್ಸಿನಲ್ಲೇ ಬೇಡುತ್ತಾ ಧೂಳನ್ನು ತಡಕುತ್ತಿದ್ದೆ.

ಇದ್ದಕ್ಕಿದ್ದಂತೆ ಏನೋ ಬೆಳ್ಳಗೆ ಹೊಳೆಯಿತು. ನನಗೇ ಗೊತ್ತಿಲ್ಲದೆ ಅತ್ತೆಯ ಕೈ ಹಿಂಡಿದೆ.

“ಬಂದ್ಲು! ನಮ್ಮವ್ವ ಬಂದ್ಲು!” ಎಂದು ಅತ್ತೆ ಕೂಗಿದರು. ತಮಟೆ ಶುರುವಾಯಿತು.

ನಾನು ಇನ್ನೊಮ್ಮೆ ನೋಡಿದೆ. ಅದು ದುಂಡಗಿತ್ತು. ಕಂಬದ ತುದಿಯಲ್ಲಿತ್ತು. ಫ್ಯಾಕ್ಟರಿಯವರು ಹೊಸದಾಗಿ ನಿಲ್ಲಿಸಿದ್ದ ದೊಡ್ಡ ಲೈಟು, ಅದನ್ನು ಅವತ್ತೇ ಹೊತ್ತಿಸಿದ್ದರು.

ಬಾಯಿ ತೆರೆಯುವಷ್ಟರಲ್ಲಿ ಲೋಕೇಶ ಬೆನ್ನು ತಿರುಗಿಸಿಕೊಂಡೇ ಕೂಗಿದ: “ಅತ್ತಿಗೆ, ಯಾವ ಕೋಡು ಮೇಲೈತೆ?”

ಅದೂ ಪದ್ಧತಿಯೇ. ಚಂದ್ರನ ಬಲಗೋಡು ಮೇಲಿದ್ದರೆ ಮುಂಗಾರು ಚೆನ್ನ, ಎಡಗೋಡು ಮೇಲಿದ್ದರೆ ಹಿಂಗಾರು. ಹೇಳಬೇಕಾದವಳು ಸೊಸೆ. ಲೈಟಿಗೆಲ್ಲಿಯ ಕೋಡು? ಅಲ್ಲ ಅಂದರೆ ಅತ್ತೆಯ ಬೀಗದ ಕೈ ಹೋಯಿತು, ಹೌದು ಅಂದರೆ ದೇವರ ಮುಂದೆ ಸುಳ್ಳು. ನಾಲಿಗೆಗೆ ಬಂದದ್ದನ್ನು ಹೇಳಿಬಿಟ್ಟೆ.

“ಎರಡೂ ಸಮ.”

“ಅಂಗಾದ್ರೆ ಮುಂಗಾರು ಹಿಂಗಾರು ಎರಡೂ ಸಮವಾಗಿ ಬತ್ತದೆ ಕಣ್ರಲಾ!” ಎಂದು ಮುದುಕ ರಾಮಲಿಂಗಯ್ಯ ಖುಷಿಯಲ್ಲಿ ಕೈ ಮುಗಿದ. ನಾನು ಊರಿಗೆ ಮಳೆಯನ್ನೂ ಹಂಚಿಬಿಟ್ಟಿದ್ದೆ.

ಅತ್ತೆ ಗುಡಿ ತೆರೆದು ದೀಪ ಹಚ್ಚಿದರು. ಕೈ ಮುಗಿದು ತಿರುಗಿದ ಜನ ಪಡುವಣದತ್ತ ಕಣ್ಣು ಹಾಯಿಸಿ, “ಧೂಳು ಮುಚ್ಕಂಡ್ತು,” ಎಂದುಕೊಂಡು ಒಲೆಗಳ ಕಡೆ ಓಡಿದರು. ನಾವಿಬ್ಬರೇ ಉಳಿದೆವು.

“ಅತ್ತೆ, ಅದು ಚಂದ್ರ ಅಲ್ಲ. ಫ್ಯಾಕ್ಟ್ರಿ ಲೈಟು. ನೀವು ಯಾಕೆ ಕೂಗುದ್ರಿ?” ಎಂದು ರೇಗಿದೆ.

“ನೀನು ಕೈ ಹಿಂಡುದ್ಯಲ್ಲವ್ವ.”

“ನಾನು ಹಿಂಡುದ್ರೆ?”

“ನೀನು ಹಿಂಡುದ್ಮೇಲೆ ತಾನೆ ನಾನು ಯಾವಾಗ್ಲೂ ಕೂಗಾದು. ನಂಗೆಲ್ಲಿ ಕಣ್ಣು ಕಾಣ್ತದೆ? ಈ ಬತ್ತಿನೂ ತಡವಿ ತಡವಿ ಹಚ್ಚುದ್ದು.”

ಹಾಗಾದರೆ ಇಷ್ಟು ವರ್ಷ ಚಂದ್ರನನ್ನು ಕಂಡವಳು ನಾನು. ಕಂಬದ ಹಾಗೆ ನಿಂತಿದ್ದೇನೆ ಎಂದುಕೊಂಡೇ ದೇವಿಯನ್ನು ಊರೊಳಗೆ ಕರೆದುಕೊಂಡು ಬಂದವಳು ನಾನು. ಅನ್ನದಲ್ಲಿ ಕಲ್ಲು ಉಳಿಸುತ್ತಾರೆ ಎಂದು ನಾನು ಬೈಯುತ್ತಿದ್ದದ್ದು ಕಣ್ಣಿಲ್ಲದ ಈ ಜೀವವನ್ನು. ಅದಿರಲಿ, ಈಗ ಗುಡಿಯಲ್ಲಿ ಯಾರಿದ್ದಾರೆ? ಕಂಬದ ಲೈಟು ನೋಡಿ ಕೂಗಿದರೆ ತವರಲ್ಲಿರುವವಳಿಗೆ ಕೇಳುತ್ತದೆಯೆ? ಅವಳಿನ್ನೂ ದಾರಿಯಲ್ಲಿದ್ದರೆ ನಾವು ಯಾರಿಗೆ ಕೈ ಮುಗಿದೆವು? ಅರಿಶಿನ ಬಳಿದ ಆ ಕಲ್ಲಿನ ಮುಖ ದೀಪದ ಬೆಳಕಿನಲ್ಲಿ ಎಂದಿನ ಹಾಗೆಯೇ ಇತ್ತು. ಬಂದಿದ್ದಾಳೆ ಅಂದರೂ ಸರಿ, ಇಲ್ಲ ಅಂದರೂ ಸರಿ ಎನ್ನುವಂತಿತ್ತು. ನನಗೆ ನಿಜವಾಗಿಯೂ ಭಯವಾಯಿತು.

“ದೀಪ ಆರಿಸ್ಬುಡಾನ ಅತ್ತೆ. ಊರ್ಗೆ ಹೇಳ್ಬುಡ್ತೀನಿ.”

“ಹೇಳುದ್ರೆ ನಾಳೆ ಈ ಬೀಗದ ಕೈ ಲೋಕೇಶನ ಜೇಬಲ್ಲಿರ್ತದೆ,” ಎಂದರು. ಬೀಗದ ಕೈಯನ್ನು ಬೆರಳಲ್ಲಿ ಸವರಿ, “ಆದ್ರೂ ಹೇಳ್ಬೇಕು ಅನ್ಸುದ್ರೆ ಹೇಳವ್ವ. ಕಣ್ಣು ನಿಂದು,” ಎಂದರು.

ಹಾಗಂದುಬಿಟ್ಟರೆ ಏನು ಮಾಡಲಿ? ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಹೇಳಲು ಹೋಗಲೂ ಇಲ್ಲ, ಸುಮ್ಮನೆ ಕೂರಲೂ ಆಗಲಿಲ್ಲ. ಹೊಸ್ತಿಲ ಮೇಲೆ ನಿಂತೇ ಇದ್ದೆ.

“ಮುಗುಲಲ್ಲಿ ಇನ್ನೂ ಒಸಿ ಬೆಳಕೈತಾ?” ಎಂದು ಕೇಳಿದರು.

“ಐತೆ.”

“ನಡಿ, ಇನ್ನೊಂದು ದಪ ನೋಡಾನ. ತವರಿಂದ ಬರೋ ಹೆಣ್ಣು, ಹೊತ್ತಿಗೆ ಸರಿಯಾಗಿ ಎಲ್ಲಿ ಬತ್ತಾಳೆ?”

ಮತ್ತೆ ಕಣಕ್ಕೆ ಹೋದೆವು. ಊರಿನ ಮನೆಗಳಿಂದ ಮಸಾಲೆಯ ಘಮ ಬರುತ್ತಿತ್ತು. ಅತ್ತೆ ಎಡಗೈಯಿಂದ ಸೆರಗು ಸರಿಮಾಡಿಕೊಂಡು, ಬಲಗೈಯಲ್ಲಿ ನನ್ನ ಕೈ ಹಿಡಿದರು. ಲೈಟು ಕಣ್ಣಿಗೆ ಚುಚ್ಚುತ್ತಿತ್ತು. ಇನ್ನೊಂದು ಕೈಯನ್ನು ಚಾಚಿ ಅಂಗೈಯಿಂದ ಅದನ್ನು ಮುಚ್ಚಿದೆ. ಗಾಳಿ ತಿರುಗಿ ಧೂಳು ಸ್ವಲ್ಪ ತೆಳುವಾಗಿತ್ತು. ನನ್ನ ಬೆರಳುಗಳ ಮೇಲೆ, ಉಗುರು ಕತ್ತರಿಸಿ ಎಸೆದಷ್ಟು ತೆಳ್ಳಗೆ, ಏನೋ ಇತ್ತು. ಕಣ್ಣು ಮಿಟುಕಿಸಿದೆ, ಇರಲಿಲ್ಲ. ಮತ್ತೆ ಮಿಟುಕಿಸಿದೆ, ಇತ್ತು. ಲೈಟು ನೋಡಿ ನೋಡಿ ಕಣ್ಣ ತುಂಬ ಬಿಳಿ ಗೆರೆಗಳೇ ಓಡಾಡುತ್ತಿದ್ದವು. ಈ ಸಲ ಖಾತ್ರಿಯಾಗದೆ ಹಿಂಡಕೂಡದು ಎಂದು ಕೈಯನ್ನು ಸಡಿಲವಾಗಿಯೇ ಇಟ್ಟುಕೊಂಡೆ.

ಅತ್ತೆ ನನ್ನ ಕೈ ಹಿಂಡಿದರು.

ಬಿಗಿಯಾಗಿ ಹಿಂಡಿದರು. ಇಬ್ಬರ ಅಂಗೈ ನಡುವೆ ತಣ್ಣನೆಯ ಕಬ್ಬಿಣ ಒತ್ತಿತು. ಬೀಗದ ಕೈ. ನಾನು ಮುಗಿಲು ನೋಡುತ್ತಿದ್ದಾಗ ಸೊಂಟದಿಂದ ತೆಗೆದು ಎಡಗೈಯಿಂದ ನಡುವೆ ಸೇರಿಸಿದ್ದರೋ ಏನೋ.

“ಬಂದ್ಲು,” ಎಂದರು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

“ನಿಮ್ಗೆಂಗೆ ಗೊತ್ತಾಯ್ತು ಅತ್ತೆ?”

“ಯಾವ ಕೋಡು ಮೇಲೈತೆ ನೋಡವ್ವ,” ಎಂದರು.

ನೋಡಿದೆ. “ಎಡಗೋಡು ಒಸಿ ಮೇಲೈತೆ,” ಎಂದೆ. ಕಂಡದ್ದನ್ನು ಹೇಳಿದೆನೋ, ಹೇಳಿದ ಮೇಲೆ ಕಂಡೆನೋ, ಅವರು ಕೈ ಹಿಂಡಿದ್ದಕ್ಕೇ ಕಂಡಿತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಳು ಮಾತ್ರ ಉಕ್ಕಿ ಬಂತು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಣದ ಕಲ್ಲು ಎಡವದ ಹಾಗೆ ಅತ್ತೆಯನ್ನು ನಡೆಸಿಕೊಂಡು ಮನೆಗೆ ಬಂದೆ. ಸಾರಿಗೆ ಒಗ್ಗರಣೆ ಹಾಕಬೇಕಿತ್ತು.