ರಂಗಕ್ಕೆ ಬೆನ್ನು ಹಾಕಿ ಕೂತವರು

ಹೆಸರು ಹೇಳಿದರೆ ಅಲ್ಲಿನವರು ಜಗಳಕ್ಕೆ ಬರುತ್ತಾರೆ, ಹಾಗಾಗಿ ಪಟ್ಟಣದ ಹೆಸರು ಬೇಡ. ಪ್ರಾಣಿ ಪಕ್ಷಿಗಳೇ ಸಂಸಾರ ಮಾಡಿಕೊಂಡಿದ್ದ ಆ ಪಟ್ಟಣಕ್ಕೆ ಸಂಗೀತ ನಾಟಕದ ಹುಚ್ಚು. ಒಂದು ಹೊತ್ತಿನ ಊಟ ತಪ್ಪಿದರೂ ನಡೆಯುತ್ತಿತ್ತು, ನಾಟಕ ತಪ್ಪುವಂತಿರಲಿಲ್ಲ. ಊರ ನಡುವೆ ಒಂದು ಹಳೆಯ ರಂಗಮಂದಿರ ಇತ್ತು. ಅದರ ಮರದ ಮಾಡನ್ನು, ಆ ಸೂರನ್ನು, ಯಾವ ಪುಣ್ಯಾತ್ಮ ಕಟ್ಟಿದ್ದನೋ, ರಂಗದ ಮೇಲೆ ಮೆಲ್ಲಗೆ ಉಸಿರೆಳೆದರೂ ಕೊನೆಯ ಬೆಂಚಿನವರಿಗೆ ಕೇಳುತ್ತಿತ್ತು. ವರ್ಷಕ್ಕೊಮ್ಮೆ ನಾಟಕ ಮಂಡಳಿಗಳ ಸ್ಪರ್ಧೆ ನಡೆದು, ಗೆದ್ದವರಿಗೆ ರಂಗಕಿರೀಟ ಎಂಬ ಪ್ರಶಸ್ತಿ ಸಿಗುತ್ತಿತ್ತು. ಕಿರೀಟವೇನೋ ತಗಡಿನದು. ಆದರೆ ಅದರ ಜೊತೆಗೆ ಮುಂದಿನ ಸ್ಪರ್ಧೆಯವರೆಗೆ ರಂಗಮಂದಿರವೂ ಗೆದ್ದವರ ಕೈಗೆ ಬರುತ್ತಿತ್ತು. ಸೋತವರು ಬಯಲಲ್ಲಿ ಆಡಿಕೊಳ್ಳಬೇಕು.

ಈ ಪ್ರಶಸ್ತಿಯ ತೀರ್ಪುಗಾರರದು ಒಂದು ವಿಚಿತ್ರ ಪದ್ಧತಿ. ಅವರು ರಂಗದ ಅಂಚಿನಲ್ಲಿ ಪೀಠ ಹಾಕಿಸಿಕೊಂಡು, ರಂಗಕ್ಕೆ ಬೆನ್ನು ಮಾಡಿ, ಪ್ರೇಕ್ಷಕರ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ಹಿಂದೆ ಯಾವನೋ ತೀರ್ಪುಗಾರ ರಂಗದ ಮೇಲೆ ತನ್ನ ಅಳಿಯನ ಮುಖ ಕಂಡು ಕಿರೀಟವನ್ನು ಅವನ ತಲೆಗೇ ಇಟ್ಟನಂತೆ. ನಟರ ಮುಖ ನೋಡಿದರೆ ತಾನೆ ಪಕ್ಷಪಾತ, ನೋಡುವುದೇ ಬೇಡ, ನೋಡುವವರನ್ನು ನೋಡಿ ತೀರ್ಪು ಕೊಡಿ ಎಂದು ಊರ ಹಿರಿಯರು ಕಟ್ಟಳೆ ಮಾಡಿದರು. ಕಿವಿ ಮುಚ್ಚಿಕೊಳ್ಳಿ ಎಂದು ಅವರು ಹೇಳಿರಲಿಲ್ಲ. ಆದರೆ ಎದುರಿಗಿರುವ ಮುಖಗಳನ್ನು ಎಣಿಸುವುದರಲ್ಲೇ ಮುಳುಗಿದ ತೀರ್ಪುಗಾರರಿಗೆ ಬೆನ್ನ ಹಿಂದಿನ ಹಾಡು ಕೇಳಿಸುವುದು ನಿಧಾನವಾಗಿ ನಿಂತೇ ಹೋಯಿತು. ಇದನ್ನು ಅವರು ನ್ಯಾಯವೆಂದು ಕರೆಯುತ್ತಿದ್ದರು. ಊರೂ ಹಾಗೇ ಕರೆಯುತ್ತಿತ್ತು.

ಆ ವರ್ಷ ಕಣದಲ್ಲಿ ಕೊನೆಗೆ ಉಳಿದದ್ದು ಎರಡು ಮಂಡಳಿಗಳು. ಒಂದು ಗೊರವಂಕ ಹಕ್ಕಿಯದು. ಅವಳದು ಕೂಗಿ ಹಾಡುವ ಪದ್ಧತಿಯಲ್ಲ. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ, ಮನೆಯಲ್ಲಿ ಮಗುವಿಗೆ ಹಾಡುವಷ್ಟೇ ದನಿಯಲ್ಲಿ ಹಾಡುತ್ತಿದ್ದಳು. ಸೋದರತ್ತೆಯಿಂದ ಕಲಿತ ಆ ಹಾಡಿಕೆಯನ್ನು ಗುಬ್ಬಚ್ಚಿಗಳಿಗೆ ಕಲಿಸುತ್ತಿದ್ದಳು. ಹಿಂದಿನ ವರ್ಷ ಮಂದಿರ ಸಿಗದೆ ಬಯಲಲ್ಲಿ ಆಡಿದಾಗ ಗಾಳಿ ಅವಳ ದನಿಯನ್ನು ಎರಡನೆಯ ಸಾಲಿಗೂ ಮುಟ್ಟಿಸಲಿಲ್ಲ. ಕೇಳಿಸಲೆಂದು ಗುಬ್ಬಚ್ಚಿಗಳು ಅರಚುವುದನ್ನು ರೂಢಿಸಿಕೊಂಡವು. ಇನ್ನೊಂದು ವರ್ಷ ಬಯಲಲ್ಲಿ ಕಳೆದರೆ ಅವಕ್ಕೆ ಅರಚುವುದೇ ಹಾಡಾಗಿಬಿಡುತ್ತದೆ, ಅತ್ತೆಯ ಹಾಡಿಕೆ ತನ್ನ ಜೊತೆಗೇ ಮಣ್ಣಾಗುತ್ತದೆ ಎಂಬುದು ಗೊರವಂಕಕ್ಕೆ ಗೊತ್ತಿತ್ತು. ಅವಳಿಗೆ ಕಿರೀಟ ಬೇಕಿರಲಿಲ್ಲ, ಆ ಮಾಡು ಬೇಕಿತ್ತು.

ಇನ್ನೊಂದು ನವಿಲಿನ ಮಂಡಳಿ. ನವಿಲಿನ ಕಂಠದ ಬಗ್ಗೆ ನಾನು ಹೇಳಬೇಕಾಗಿಲ್ಲ, ಕೇಳಿದವರಿಗೆ ಗೊತ್ತಿದೆ. ಆದರೆ ಅದರ ಬುದ್ಧಿ ಚುರುಕು. ತೀರ್ಪುಗಾರರು ನೋಡುವುದು ಪ್ರೇಕ್ಷಕರನ್ನು ಎಂದಮೇಲೆ ಹಾಡಿಗೆ ಮೈ ನೋಯಿಸಿಕೊಳ್ಳುವುದೇಕೆ? ಗುಡ್ಡದಾಚೆಯಿಂದ ಒಂದು ಕುರಿಮಂದೆಯನ್ನು ಕರೆಸಿ ತಾಲೀಮು ಶುರು ಮಾಡಿತು. ತಾನು ಗರಿ ಅರ್ಧ ಬಿಚ್ಚಿದರೆ ಕುರಿಗಳು ಕಣ್ಣೀರು ಹಾಕಬೇಕು. ಗರಿ ಅಲುಗಿಸಿದರೆ ತಲೆದೂಗಬೇಕು. ಪೂರ್ತಿ ಬಿಚ್ಚಿದರೆ ಎದ್ದು ನಿಂತು, ಹಾಡನ್ನು ಇನ್ನೊಮ್ಮೆ ಹಾಡಿಸುವುದಕ್ಕೆ ಆ ಊರವರು ಕೂಗುವಂತೆ, "ಒನ್ಸ್ ಮೋರ್" ಎಂದು ಕೂಗಬೇಕು. ಮಂಡಳಿಯಲ್ಲಿ ನಟರಿಗಿಂತ ಹೆಚ್ಚು ಬೆವರು ಸುರಿಸಿದವರು ಕುರಿಗಳೇ. ಅಷ್ಟನ್ನು ಒಪ್ಪಲೇಬೇಕು.

ಮೊದಲ ದಿನ ಗೊರವಂಕದ ನಾಟಕ. ಕಾಡ್ಗಿಚ್ಚಿನಲ್ಲಿ ಮರಿಯನ್ನು ಕಳೆದುಕೊಂಡ ತಾಯಿಯ ಪಾತ್ರ ಅವಳದು. ಮರಿ ಮಲಗುತ್ತಿದ್ದ ಜಾಗವನ್ನು ಕೊಕ್ಕಿನಿಂದ ಸರಿ ಮಾಡುತ್ತ ಮಾಡುತ್ತ ಹಾಡು ಎತ್ತಿದಳು. ಸ್ವಲ್ಪ ಹೊತ್ತಿಗೆ ಮೊಲ ಕಣ್ಣು ಮುಚ್ಚಿತು. ಪಕ್ಕದ ಜಿಂಕೆ ಮುಚ್ಚಿತು. ಬೆಂಚಿನಿಂದ ಬೆಂಚಿಗೆ ಇಡೀ ಮಂದಿರವೇ ಕಣ್ಣು ಮುಚ್ಚಿಕೊಂಡು ಕೂತಿತು. ಪರದೆ ಬಿದ್ದಮೇಲೆ ಚಪ್ಪಾಳೆ ತಟ್ಟಲು ಯಾರಿಗೂ ಕೈ ಬರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.

ಮರುದಿನ ನವಿಲಿನ ನಾಟಕ. ಊರವರಿಗೆ ಜಾಗವಿಲ್ಲದಂತೆ ಕುರಿಗಳು ತುಂಬಿಕೊಂಡಿದ್ದವು. ಅತ್ತವು, ತೂಗಿದವು, ಎದ್ದವು, ಕೂಗಿದವು. ಮಾಡಿನ ಧೂಳು ಉದುರಿ ತೀರ್ಪುಗಾರರ ತಲೆಯ ಮೇಲೆ ಬಿತ್ತು.

ತೀರ್ಪುಗಾರರು ಮೂವರು. ಅಧ್ಯಕ್ಷ ಪದವಿ ಆಮೆಯದು. ಎರಡನೆಯದು ಊಸರವಳ್ಳಿ. ಮೂರನೆಯದು ಒಂದು ಮುದಿ ಎತ್ತು. ಕೋಲೆ ಬಸವನ ವಂಶವಾದರೂ ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಅಭ್ಯಾಸ ಅದಕ್ಕೆ ಹೇಗೋ ಬಂದಿರಲಿಲ್ಲ. ಚರ್ಚೆಗೆ ಕೂತ ಕೂಡಲೇ ಆಮೆ ಹೇಳಿತು, "ಚರ್ಚೆ ಮಾಡೋಕೆ ಏನಿದೆ? ಗೊರವಂಕದ ದಿನ ಮಂದಿರಕ್ಕೆ ಮಂದಿರವೇ ನಿದ್ದೆ ಹೊಡೀತಿತ್ತು. ಕಣ್ಣಾರೆ ಕಂಡಿದೀನಿ."

"ನಿದ್ದೆಯಲ್ಲ ಸ್ವಾಮಿ, ಕೇಳ್ತಿದ್ರು" ಎಂದಿತು ಎತ್ತು.

"ಕೇಳೋದಕ್ಕೆ ಕಣ್ಣು ಯಾಕೆ ಮುಚ್ಚಬೇಕು?"

"ನೀವು ಆ ಹಾಡು ಕೇಳಿದ್ರಾ?"

"ನನ್ನ ಕೆಲಸ ನೋಡೋದು. ಅಷ್ಟು ಚೆನ್ನಾಗಿ ಹಾಡಿದ್ರೆ ಒಬ್ಬರಾದ್ರೂ ಒನ್ಸ್ ಮೋರ್ ಅನ್ನಬೇಕಿತ್ತಲ್ಲ? ಅಂದ್ರಾ?"

ಎತ್ತಿಗೆ ಸಿಟ್ಟು ನೆತ್ತಿಗೇರಿತು. "ಮರಿ ಕಳಕೊಂಡು ಅಳ್ತಿರೋ ತಾಯಿಗೆ ಇನ್ನೊಂದ್ಸಲ ಅಳಮ್ಮ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ ಸ್ವಾಮಿ?"

ಊಸರವಳ್ಳಿ ಎತ್ತಿನ ಕಡೆಗಿದ್ದ ಮೈಯನ್ನು ಬಿಳಿ ಮಾಡಿಕೊಂಡು, ಆಮೆಯ ಕಡೆಗಿದ್ದ ಮೈಯನ್ನು ಕಂದು ಮಾಡಿಕೊಂಡಿತು. "ಎತ್ತಣ್ಣ ಹೇಳೋದು ಸರಿಯಾಗಿದೆ. ಅಧ್ಯಕ್ಷರು ಹೇಳೋದು ಇನ್ನೂ ಸರಿಯಾಗಿದೆ" ಎಂದಿತು.

ಆಮೆ ಕತ್ತು ಮುಂದೆ ಚಾಚಿತು. "ಅದಿರಲಿ. ಆ ಹೊತ್ತಿನಲ್ಲಿ ನೀವೂ ಕಣ್ಣು ಮುಚ್ಚಿದ್ರಾ?"

"ಮುಚ್ಚಿದ್ದೆ."

"ಪೀಠದಲ್ಲಿ ಕೂತು?"

"ಪೀಠದಲ್ಲಿ ಕೂತೇ. ತೆರೆದಿರೋಕೆ ಆಗಲಿಲ್ಲ."

ಸಾಕಾಯಿತು. ಕರ್ತವ್ಯದ ವೇಳೆ ನಿದ್ದೆ ಮಾಡಿದ ಆರೋಪ ಹೊರಿಸಿ ಎತ್ತನ್ನು ಪೀಠದಿಂದ ಇಳಿಸಿದರು. ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಆ ಮೂವರಲ್ಲಿ ನಾಟಕ ಕೇಳಿದ್ದು ಅದೊಂದೇ, ಹೊರಗೆ ಹೋದದ್ದೂ ಅದೊಂದೇ. ಬಾಗಿಲ ಹೊರಗೆ ಕಾದು ಎಲ್ಲವನ್ನೂ ಕೇಳಿಸಿಕೊಂಡ ಜನರಲ್ಲಿ ಮೊಲವಿತ್ತು, ಜಿಂಕೆಯಿತ್ತು. ನಾವು ಮಲಗಿರಲಿಲ್ಲ ಎಂದು ಹೇಳಲು ಅವರಿಗೆ ನಾಲಿಗೆಯಿತ್ತು. ಹೇಳಲಿಲ್ಲ. ಎತ್ತಿನ ಮುಖ ಕಂಡು ದಾರಿ ಬಿಟ್ಟರು, ಅಷ್ಟೇ.

ತೀರ್ಪಿನ ದಿನ ನವಿಲು ಮೊದಲೇ ಬಂದು ಮುಂದಿನ ಸಾಲಿನಲ್ಲಿ ಕತ್ತು ಎತ್ತಿ ಕೂತಿತ್ತು. ಗೊರವಂಕ ಕಂಬದ ಮರೆಯಲ್ಲಿ ಗುಬ್ಬಚ್ಚಿಗಳನ್ನು ಕಟ್ಟಿಕೊಂಡು ನಿಂತಿದ್ದಳು. ಆಮೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡಿತು.

"ಈ ಪೀಠ ತಾನು ಕಣ್ಣಾರೆ ಕಂಡ ಅಭಿನಯಕ್ಕೆ ಮಾತ್ರ ಪ್ರಶಸ್ತಿ ಕೊಡುತ್ತದೆ. ಈ ವರ್ಷ ನಾವು ಕಂಡ ಅಳು, ನಾವು ಕಂಡ ಆವೇಶ, ನಾವು ಕಂಡ ಒಗ್ಗಟ್ಟು ಹಿಂದೆಂದೂ ಕಂಡಿದ್ದಲ್ಲ. ರಂಗಕಿರೀಟ ಕುರಿಮಂದೆಗೆ."

ನವಿಲು ಹಾರಿ ಬಿದ್ದಿತು. "ಹಾಡಿದ್ದು ನಾವು! ಕುಣಿದಿದ್ದು ನಾವು!"

"ಇರಬಹುದು. ನಾವು ನೋಡಲಿಲ್ಲ" ಎಂದಿತು ಆಮೆ. ಊಸರವಳ್ಳಿ ಆಗಲೇ ಕುರಿಯ ಬಣ್ಣಕ್ಕೆ ತಿರುಗಿತ್ತು.

ಊರು ಬಿದ್ದು ಬಿದ್ದು ನಕ್ಕಿತು. ನವಿಲಿಗೆ ತಕ್ಕ ಶಾಸ್ತಿಯಾಯಿತೆಂದು ಮನೆಮನೆಯಲ್ಲೂ ಆಡಿಕೊಂಡರು. ಗೊರವಂಕಕ್ಕೆ ಆದದ್ದೇನು ಎಂದು ಯಾರೂ ಕೇಳಲಿಲ್ಲ. ಊರಿಗೆ ನಗು ಸಿಕ್ಕಿತ್ತಲ್ಲ, ನ್ಯಾಯ ಸಿಕ್ಕಷ್ಟೇ ತೃಪ್ತಿಯಾಗಿತ್ತು.

ಮಂದಿರ ಕೈಗೆ ಬಂದಮೇಲೆ ಕುರಿಗಳಿಗೆ ದಿಗಿಲಾಯಿತು. ಅವಕ್ಕೆ ಗೊತ್ತಿದ್ದುದು ಮೆಚ್ಚುವುದೊಂದೇ. ಮಂದೆಯ ಮುಂದಾಳು ಟಗರು ಗೊರವಂಕವನ್ನು ಹುಡುಕಿಕೊಂಡು ಬಂದಿತು. ಕೆಟ್ಟ ಪ್ರಾಣಿಯೇನಲ್ಲ, ಮುಖದಲ್ಲಿ ಸಂಕೋಚವೂ ಇತ್ತು.

"ಗೊರವಂಕಮ್ಮ, ನೀವು ಪರದೆ ಹಿಂದೆ ಕೂತು ಹಾಡಬೇಕು. ಮೆಚ್ಚೋದು ನಮ್ಮವರು ರಂಗದ ಮೇಲೆ ನಿಂತು ಮೆಚ್ತಾರೆ. ಒನ್ಸ್ ಮೋರ್ ಅನ್ನೋಕೆ ಮೊದಲು ಒಂದ್ಸಲ ಯಾರಾದ್ರೂ ಹಾಡಿರಬೇಕಲ್ಲ."

ಅವಮಾನ ಗೊರವಂಕಕ್ಕೆ ತಿಳಿಯದ್ದಲ್ಲ. ಆದರೆ ಆ ಮರದ ಮಾಡಿನ ಕೆಳಗೆ ಪರದೆಯ ಹಿಂದೆ ಕೂತು ಹಾಡಿದರೂ ಗುಬ್ಬಚ್ಚಿಗಳು ಸರಿಯಾದ ದನಿ ಕೇಳಿಸಿಕೊಳ್ಳುತ್ತವೆ ಎಂದು ಲೆಕ್ಕ ಹಾಕಿದಳು. "ಆಗಲಿ ಟಗರಪ್ಪ, ಹೆಸರು ಬೇಡ, ಮುಖ ತೋರಿಸೋದೂ ಬೇಡ. ಒಂದೇ ಮಾತು. ನಾನು ಹಾಡೋವಷ್ಟು ಹೊತ್ತು ನಿಮ್ಮವರು ಬಾಯಿ ಮುಚ್ಚಿಕೊಂಡಿರಬೇಕು."

ಟಗರು ನಿಜವಾಗಿಯೂ ಬೆರಗಾಯಿತು. "ಏನಮ್ಮ ಹೀಗಂತೀರಿ? ಅಷ್ಟು ಹೊತ್ತು ನಾವು ಬಾಯಿ ಮುಚ್ಚಿಕೊಂಡ್ರೆ ನಾಟಕ ಮಾಡೋರು ಯಾರು?"

ಗೊರವಂಕ ಗುಬ್ಬಚ್ಚಿಗಳನ್ನು ಕರೆದುಕೊಂಡು ಕೆರೆಯಾಚೆಯ ಬಯಲಿಗೆ ಹೋದಳು. ಮೊದಮೊದಲು ಮೆಲ್ಲಗೆ ಹಾಡಿ ತೋರಿಸಿದಳು. ಗಾಳಿಗೆ ಯಾವ ಗುಬ್ಬಚ್ಚಿಗೂ ಕೇಳಿಸಲಿಲ್ಲ. "ಅಕ್ಕಾ, ಜೋರಾಗಿ!" ಎಂದು ಅವು ಅರಚಿದವು. ಕೊನೆಗೆ ಅವಳೂ ದನಿ ಎತ್ತಿದಳು. ಆ ಹಾಡಿಕೆ ಅಲ್ಲಿಗೆ ಮುಗಿಯಿತು.

ಮಂದಿರದಲ್ಲಿ ಕುರಿಗಳ ಮೊದಲ ಆಟ ಹಾಡಿಲ್ಲದೆಯೇ ಶುರುವಾಯಿತು. ಪರದೆ ಎದ್ದಿತು. ಸಾಲಾಗಿ ನಿಂತಿದ್ದ ಕುರಿಗಳು ಸ್ವಲ್ಪ ಹೊತ್ತು ಒಂದರ ಮುಖ ಒಂದು ನೋಡಿಕೊಂಡು, ಅತ್ತು, ತಲೆದೂಗಿ, ಒಟ್ಟಿಗೆ "ಒನ್ಸ್ ಮೋರ್" ಎಂದು ಕೂಗಿದವು. ಕೆಳಗಿದ್ದ ಊರೂ ಎದ್ದು ನಿಂತು ಅದನ್ನೇ ಕೂಗಿತು. ಆಮೆ ಮತ್ತು ಊಸರವಳ್ಳಿ ಅಭ್ಯಾಸದಂತೆ ಅಲ್ಲೂ ಪೀಠ ಹಾಕಿಸಿಕೊಂಡು ರಂಗಕ್ಕೆ ಬೆನ್ನು ಹಾಕಿ, ಕಣ್ಣು ಅಗಲ ಮಾಡಿಕೊಂಡು ಒಂದೊಂದೇ ಮುಖವನ್ನು ನೋಡುತ್ತಿದ್ದವು.

ಕೊನೆಯ ಬೆಂಚಿನಲ್ಲಿ ಕೂತಿದ್ದ ಎತ್ತು ಪಕ್ಕದ ಮೊಲದ ಕಡೆಗೆ ಬಾಗಿತು. "ಏನನ್ನ ಇನ್ನೊಂದ್ಸಲ ಅಂತ ಕೇಳ್ತಿದೀರಿ? ಇನ್ನೂ ಯಾರೂ ಹಾಡೇ ಇಲ್ಲವಲ್ಲ."

ಮೊಲ ಪೀಠದ ಮೇಲಿನ ದೃಷ್ಟಿ ತೆಗೆಯದೆ, ತುಟಿ ಅಲುಗದ ಹಾಗೆ ಹೇಳಿತು, "ನಮಗೂ ಗೊತ್ತು ಎತ್ತಜ್ಜ. ಸುಮ್ಮನೆ ಕೂಗಿ, ಈಗ ನಮ್ಮ ಸಾಲನ್ನ ನೋಡ್ತಿದ್ದಾರೆ."